ಮೊದಲ ಪಟ್ಟಿಯಲ್ಲಿ ಹೆಸರಿಲ್ಲ, ಮುಂದೇನು?

ಮನೆಯಲ್ಲಿ ಪಿಯುಸಿ ಎರಡನೇ ವರ್ಷದ ಮಗುವಿದ್ದರೆ ಡಿಸೆಂಬರ್‌ನಿಂದ ಆಗಸ್ಟ್‌ವರೆಗೆ ನೆಮ್ಮದಿ ಇರುವುದಿಲ್ಲ. ಡಿಸೆಂಬರ್ ಆರಂಭದಲ್ಲಿ ಕಾನೂನು ಓದುವವರಿಗೆ ಕ್ಲಾಟ್. ಅದೇ ತಿಂಗಳ ನಡುವಲ್ಲಿ ಅಮೆರಿಕಕ್ಕೆ ಅರ್ಜಿ ಹಾಕಿದವರಿಗೆ ‘ಅರ್ಲಿ’ ಫಲಿತಾಂಶ. ಜನವರಿಯಲ್ಲಿ ಜೆಇಇ ಮೇನ್‌ನ ಮೊದಲ ಪರೀಕ್ಷೆ. ಆಮೇಲೆ ಸಿಇಟಿ, ನೀಟ್, ಕಾಮೆಡ್‌ಕೆ, ಸಿಯುಇಟಿ. ಒಂದರ ಹಿಂದೆ ಒಂದು. ಇಷ್ಟರ ನಡುವೆ ಒಂದು ದಿನ ಮೊಬೈಲ್‌ನಲ್ಲಿ ‘ಆಯ್ಕೆಯಾಗಿಲ್ಲ’ ಅಂತ ಬರುತ್ತದೆ. ಅಲ್ಲಿಗೆ ಮನೆ ಸ್ತಬ್ಧ.

ಮಗುವಿನ ಕಣ್ಣೀರು ಆರುವ ಮೊದಲೇ ಸಲಹೆಗಳು ಶುರುವಾಗುತ್ತವೆ. ಒಬ್ಬರು ‘ಮ್ಯಾನೇಜ್‌ಮೆಂಟ್ ಸೀಟ್ ಇದೆ, ನಮ್ಮವರೇ ಒಬ್ಬರಿದ್ದಾರೆ’ ಅನ್ನುತ್ತಾರೆ. ಇನ್ನೊಬ್ಬರು ‘ಗಲ್ಫ್‌ಗೆ ಕಳಿಸಿಬಿಡಿ, ಓದಿ ಏನು ಮಾಡ್ಲಿಕ್ಕುಂಟು’ ಅನ್ನುತ್ತಾರೆ. ಹುಡುಗಿಯಾದರೆ ಕೇಳುವುದೇ ಬೇಡ, ‘ಒಳ್ಳೆ ಸಂಬಂಧ ಉಂಟು’ ಅಂತ ಮಾತು ತಿರುಗುತ್ತದೆ. ಕೊನೆಗೆ ಎಲ್ಲರೂ ಸೇರಿ ‘ನಸೀಬಿಲ್ಲ ಬಿಡಿ’ ಅಂತ ಪುಸ್ತಕ ಮುಚ್ಚಿಬಿಡುತ್ತಾರೆ.

ನಾನಿರುವುದು ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಕಡೆ. ಬೆಂಗಳೂರು–ಮಂಗಳೂರು ಹೆದ್ದಾರಿಯ ಬದಿಯಲ್ಲಿ ವ್ಯಾಪಾರಕ್ಕೆ ಬಂದು ನಿಂತ ನಮ್ಮ ಕೆಲವು ಮನೆಗಳು ಈ ಭಾಗದಲ್ಲಿವೆ. ಮಕ್ಕಳು ಬೆಳಿಗ್ಗೆ ಮದ್ರಸಕ್ಕೆ ಬರುತ್ತಾರೆ, ಆಮೇಲೆ ಶಾಲೆ, ಕಾಲೇಜು. ಮದ್ರಸ ಬಿಟ್ಟ ಮೇಲೂ ಫಲಿತಾಂಶದ ದಿನ ಉಸ್ತಾದರ ಬಳಿ ಬರುತ್ತಾರೆ. ಆ ದಿನಗಳಲ್ಲಿ ನೋಡಿದ್ದನ್ನು, ವಿಚಾರಿಸಿ ತಿಳಿದುಕೊಂಡಿದ್ದನ್ನು ಸೇರಿಸಿ ಹೇಳಬೇಕಾದ ಒಂದು ಮಾತಿದೆ. ಮೊದಲ ‘ಇಲ್ಲ’ ಬಂದ ಮೇಲಿನ ಹದಿನೈದು ದಿನದಲ್ಲಿ ಮನೆಯವರು ಏನು ಮಾಡುತ್ತಾರೆ ಅನ್ನುವುದು, ಆ ‘ಇಲ್ಲ’ಕ್ಕಿಂತ ಹೆಚ್ಚು ದೊಡ್ಡದು.

ನೀರು ತಾನಾಗಿ ಹರಿಯುವುದಿಲ್ಲ

ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಅಣೆಕಟ್ಟೆಯನ್ನು ನೋಡಿದವರಿಗೆ ಅದರ ಸೈಫನ್ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಕೆಲಸ, ಸರ್ ಎಂ. ವಿಶ್ವೇಶ್ವರಯ್ಯನವರ ಮಾರ್ಗದರ್ಶನ. ಅಲ್ಲಿ ಯಾರೂ ಗೇಟು ಎತ್ತಬೇಕಾಗಿಲ್ಲ. ನೀರು ಒಂದು ಮಟ್ಟಕ್ಕೆ ಬಂದ ಕೂಡಲೇ ಸೈಫನ್ ತಾನಾಗಿಯೇ ಹೊರಗೆ ಹರಿಸುತ್ತದೆ.

ನಮ್ಮ ಬಹಳ ಮನೆಗಳಲ್ಲಿ ಕಾಲೇಜು ಸೀಟನ್ನೂ ಹೀಗೇ ಅಂದುಕೊಂಡಿದ್ದಾರೆ. ಮಾರ್ಕು ಮೇಲೆ ಬಂದರೆ ಸಾಕು, ಸೀಟು ತಾನಾಗಿ ಬರುತ್ತದೆ ಅಂತ. ಬರದಿದ್ದರೆ ಮಗುವಿನಲ್ಲೇ ಕೊರತೆ ಅಂತ. ಆದರೆ ದೊಡ್ಡ ಕಾಲೇಜುಗಳ ಪ್ರವೇಶದಲ್ಲಿ ಪ್ರತಿ ಗೇಟನ್ನೂ ಕೈಯಿಂದಲೇ ಎತ್ತಬೇಕು. ತಾರೀಕು ನೋಡಬೇಕು, ಅರ್ಜಿ ತುಂಬಬೇಕು, ಆಯ್ಕೆಗಳ ಸಾಲನ್ನು ಸರಿಯಾಗಿ ಜೋಡಿಸಬೇಕು, ಪ್ರಮಾಣಪತ್ರ ಹಿಡಿದುಕೊಂಡಿರಬೇಕು. ಒಂದು ಗೇಟು ಏಳಲಿಲ್ಲ ಅಂದರೆ ಪಕ್ಕದ್ದಕ್ಕೆ ಹೋಗಬೇಕು. ಮಾರ್ಕು ಇದ್ದೂ ಸೀಟು ತಪ್ಪಿಸಿಕೊಂಡ ಮಕ್ಕಳು ಇರುವುದು ಇದರಿಂದಲೇ.

ಆ ‘ಇಲ್ಲ’ ಯಾವ ‘ಇಲ್ಲ’?

ಮೊದಲು ಮಾಡಬೇಕಾದ ಕೆಲಸ, ಬಂದ ಸಂದೇಶವನ್ನು ಪೂರ್ತಿ ಓದುವುದು. ಎಲ್ಲ ‘ಇಲ್ಲ’ವೂ ಒಂದೇ ಅಲ್ಲ.

ದುಬೈ, ದಮಾಮ್, ದೋಹಾದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಈಗ ಅಮೆರಿಕದ ಕಾಲೇಜುಗಳಿಗೂ ಅರ್ಜಿ ಹಾಕುತ್ತಿದ್ದಾರೆ. ಅಲ್ಲಿ ಸಾಮಾನ್ಯವಾಗಿ ನವೆಂಬರ್ 1ರ ಸುಮಾರಿಗೆ ‘ಅರ್ಲಿ’ ಅರ್ಜಿ, ಡಿಸೆಂಬರ್ ನಡುವೆ ಉತ್ತರ. ಅದರಲ್ಲೇ ಎರಡು ಬಗೆ. ‘ಅರ್ಲಿ ಡಿಸಿಷನ್’ ಅಂದರೆ ಸೀಟು ಕೊಟ್ಟರೆ ಬರುತ್ತೇನೆ ಅಂತ ಮೊದಲೇ ಒಪ್ಪಿಕೊಂಡ ಹಾಗೆ. ‘ಅರ್ಲಿ ಆಕ್ಷನ್’ನಲ್ಲಿ ಆ ಕಟ್ಟು ಇಲ್ಲ. ಉತ್ತರ ‘ರಿಜೆಕ್ಟ್’ ಅಂತ ಬಂದರೆ ಆ ಕಾಲೇಜಿಗೆ ಅದೇ ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ, ಆ ಬಾಗಿಲು ಆ ವರ್ಷಕ್ಕೆ ಮುಗಿಯಿತು. ‘ಡಿಫರ್’ ಅಂತ ಬಂದರೆ ಅರ್ಜಿಯನ್ನು ಸಾಮಾನ್ಯ ಸುತ್ತಿಗೆ ಇಟ್ಟುಕೊಂಡಿದ್ದಾರೆ, ಮಾರ್ಚ್‌ನಲ್ಲಿ ಮತ್ತೆ ನೋಡುತ್ತಾರೆ ಅಂತ ಅರ್ಥ. ಆಗ, ಕಾಲೇಜು ಒಪ್ಪುವುದಾದರೆ, ‘ನನಗೆ ಈಗಲೂ ಇಲ್ಲೇ ಓದುವ ಆಸೆ, ನವೆಂಬರ್ ನಂತರ ನಾನು ಮಾಡಿದ್ದು ಇದು’ ಅಂತ ಒಂದೇ ಪುಟದ ಪತ್ರ ಕಳಿಸಬಹುದು. ಡಿಫರ್ ಆದ ಮಗುವನ್ನು ರಿಜೆಕ್ಟ್ ಆಯಿತು ಅಂತ ಮನೆಯವರೇ ತಿಳಿದು ಕೈಬಿಟ್ಟರೆ, ಅದು ಕಾಲೇಜಿನ ತೀರ್ಮಾನವಲ್ಲ, ಮನೆಯ ತೀರ್ಮಾನ.

ಇನ್ನೊಂದು ವಿಷಯ ಗೊತ್ತಿರಲಿ. ಈ ‘ಅರ್ಲಿ’ ಪದ್ಧತಿ ಎಲ್ಲ ಮಕ್ಕಳಿಗೂ ಸಮ ಅಲ್ಲ ಅಂತ ಆ ಕಾಲೇಜುಗಳೇ ಒಮ್ಮೆ ಒಪ್ಪಿಕೊಂಡಿದ್ದವು. 2006ರಲ್ಲಿ ಹಾರ್ವರ್ಡ್, ಅದರ ಬೆನ್ನಿಗೇ ಪ್ರಿನ್ಸ್‌ಟನ್, ಇದರಿಂದ ಅನುಕೂಲಸ್ಥರ ಮಕ್ಕಳಿಗೇ ಲಾಭ ಅಂತ ಹೇಳಿ ಅರ್ಲಿ ಸುತ್ತನ್ನು ಕೈಬಿಡುವುದಾಗಿ ಘೋಷಿಸಿದವು. 2011ರಲ್ಲಿ ಎರಡೂ ಅದನ್ನು ಮತ್ತೆ ತಂದವು. ಒಳ್ಳೆಯ ಶಾಲೆ, ಮಾರ್ಗದರ್ಶನ ಮಾಡುವ ಕೌನ್ಸೆಲರ್, ಶುಲ್ಕದ ಬಗ್ಗೆ ಲೆಕ್ಕ ಹಾಕಬೇಕಾಗಿಲ್ಲದ ತಂದೆ ಇದ್ದ ಮಗು ಅಕ್ಟೋಬರ್‌ನಲ್ಲೇ ತಯಾರಾಗಿರುತ್ತದೆ. ನಮ್ಮ ಮಗುವಿಗೆ ಆ ಹೊತ್ತಿಗೆ ಅರ್ಜಿ ಅಂದರೇನು ಅಂತ ಗೊತ್ತಾಗಿರುತ್ತದೆ, ಅಷ್ಟೇ. ಹಾಗಾಗಿ ಡಿಸೆಂಬರ್‌ನ ಉತ್ತರವನ್ನು ಮಗುವಿನ ಬುದ್ಧಿಗೆ ಕೊಟ್ಟ ಮಾರ್ಕು ಅಂತ ಓದಬಾರದು.

ಅರ್ಲಿ ತಪ್ಪಿದವರಿಗೆ ಜನವರಿ ಆರಂಭದ ಹೊತ್ತಿಗೆ ಸಾಮಾನ್ಯ ಸುತ್ತಿನ ಕೊನೆ ತಾರೀಕುಗಳಿವೆ. ಕೆಲವು ಕಾಲೇಜುಗಳಲ್ಲಿ ಎರಡನೇ ಅರ್ಲಿ ಸುತ್ತೂ ಇದೆ. ಇಂಗ್ಲೆಂಡ್‌ನ ದಾರಿ ಬೇರೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಅಕ್ಟೋಬರ್ 15ಕ್ಕೇ ಕೊನೆ, ಒಂದು ವರ್ಷಕ್ಕೆ ಎರಡರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು, ಉತ್ತರ ಜನವರಿಯಲ್ಲಿ. ಆದರೆ ಅದೇ ಅರ್ಜಿಯಲ್ಲಿ ಒಟ್ಟು ಐದು ಆಯ್ಕೆಗೆ ಜಾಗವಿದೆ. ಐದೂ ಕೈಕೊಟ್ಟರೆ ಫೆಬ್ರವರಿ ಕೊನೆಯಿಂದ ‘ಎಕ್ಸ್‌ಟ್ರಾ’, ಜುಲೈನಿಂದ ‘ಕ್ಲಿಯರಿಂಗ್’ ಅಂತ ಉಳಿದ ಸೀಟುಗಳ ಸುತ್ತು ಇರುತ್ತದೆ.

ನಮ್ಮ ಊರಿನ ಸುತ್ತುಗಳು

ಅಮೆರಿಕದ ಮಾತು ಕೆಲವೇ ಮನೆಗಳದ್ದು. ಹೆಚ್ಚಿನವರ ಕಥೆ ಇಲ್ಲೇ ಇದೆ, ಮತ್ತು ಇಲ್ಲಿಯೂ ಎಲ್ಲವೂ ಸುತ್ತುಗಳೇ.

ಜೆಇಇ ಮೇನ್ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಏಪ್ರಿಲ್‌ನಲ್ಲಿ ನಡೆಯುತ್ತದೆ. ಎರಡನ್ನೂ ಬರೆದರೆ ಎರಡರಲ್ಲಿ ಉತ್ತಮವಾದ ಅಂಕವನ್ನೇ ರ‍್ಯಾಂಕಿಗೆ ತೆಗೆದುಕೊಳ್ಳುತ್ತಾರೆ. ಜನವರಿಯಲ್ಲಿ ಕಡಿಮೆ ಬಂದಿದ್ದರಿಂದ ನಷ್ಟ ಏನೂ ಇಲ್ಲ. ಆದರೂ ‘ಜನವರಿಯಲ್ಲೇ ಆಗ್ಲಿಲ್ಲ, ಏಪ್ರಿಲ್‌ನಲ್ಲಿ ಏನಾಗುತ್ತೆ’ ಅಂತ ಎರಡನೇ ಸಲ ಅರ್ಜಿಯನ್ನೇ ಹಾಕದ ಮಕ್ಕಳಿದ್ದಾರೆ. ಸೀಟು ಹಂಚುವ ಜೋಸಾದಲ್ಲೂ ಹಲವು ಸುತ್ತು. ಅದು ಮುಗಿದ ಮೇಲೆ ಎನ್‌ಐಟಿಗಳಲ್ಲಿ ಉಳಿದ ಸೀಟಿಗೆ ಸಿಎಸ್‌ಎಬಿಯ ವಿಶೇಷ ಸುತ್ತು.

ಸುರತ್ಕಲ್‌ನ ಎನ್‌ಐಟಿಕೆ ನಮ್ಮ ಕರಾವಳಿಯ ಮನೆಬಾಗಿಲಲ್ಲೇ ಇದೆ. 1960ರಲ್ಲಿ ಕೆಆರ್‌ಇಸಿ ಅಂತ ಶುರುವಾದ ಕಾಲೇಜು, 2002ರಲ್ಲಿ ಎನ್‌ಐಟಿ ಆಯಿತು. ಅಲ್ಲಿನ ಅರ್ಧ ಸೀಟು ಕರ್ನಾಟಕದ ಮಕ್ಕಳಿಗೆ. ಇಲ್ಲೊಂದು ಗಮನಿಸಬೇಕಾದ ವಿಷಯ: ಯಾರು ಯಾವ ರಾಜ್ಯದವರು ಅಂತ ಇಲ್ಲಿ ತೀರ್ಮಾನ ಆಗುವುದು ಹುಟ್ಟಿದ ಊರಿನಿಂದ ಅಲ್ಲ, ಹನ್ನೆರಡನೇ ತರಗತಿ ಪಾಸು ಮಾಡಿದ ರಾಜ್ಯದಿಂದ. ಮಂಜೇಶ್ವರ, ಉಪ್ಪಳ, ಕಾಸರಗೋಡಿನ ನಮ್ಮ ಮಕ್ಕಳು ಅಲ್ಲೇ ಪ್ಲಸ್ ಟು ಮಾಡಿದರೆ ಅವರ ಪಾಲು ಕ್ಯಾಲಿಕಟ್ ಎನ್‌ಐಟಿಯಲ್ಲಿ. ಮಂಗಳೂರಿನಲ್ಲಿ ಪಿಯುಸಿ ಮಾಡಿದರೆ ಸುರತ್ಕಲ್‌ನಲ್ಲಿ. ಹತ್ತನೇ ತರಗತಿ ಮುಗಿದಾಗಲೇ ಯೋಚಿಸಬೇಕಾದ ಸಂಗತಿ ಇದು.

ಗಲ್ಫ್‌ನಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಇನ್ನೊಂದು ದಾರಿ ಇದೆ. ವಿದೇಶದಲ್ಲಿರುವವರಿಗಾಗಿ ಎನ್‌ಐಟಿಗಳಲ್ಲಿ ‘ದಾಸಾ’ ಯೋಜನೆ ಇದೆ, ಅದರ ಶುಲ್ಕ ದುಬಾರಿ. ಆದರೆ ಅದರೊಳಗೇ ‘ಸಿಐಡಬ್ಲ್ಯೂಜಿ’ ಅಂತ, ಅಂದರೆ ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ, ಒಂದು ಪಾಲಿದೆ. ಅವರಿಗೆ ಬೋಧನಾ ಶುಲ್ಕ ಊರಿನ ಮಕ್ಕಳಷ್ಟೇ. ಜೆಇಇ ಮೇನ್ ರ‍್ಯಾಂಕ್ ಬೇಕು. ಹತ್ತಾರು ವರ್ಷ ಅಲ್ಲಿ ದುಡಿದ ಎಷ್ಟೋ ಜನರಿಗೆ ಈ ಹೆಸರೇ ಕೇಳಿ ಗೊತ್ತಿಲ್ಲ.

ಕಾನೂನು ಓದುವವರಿಗೆ ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ದೊಡ್ಡ ಹೆಸರು. ಅದಕ್ಕೆ ಕ್ಲಾಟ್‌ನಿಂದ ಪ್ರವೇಶ. ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇ. 25 ಸೀಟು. ಮೊದಲ ಪಟ್ಟಿಯಲ್ಲಿ ಹೆಸರು ಬರದಿದ್ದರೂ, ಮೇಲಿನವರು ಬಿಟ್ಟುಹೋದ ಹಾಗೆ ಮುಂದಿನ ಪಟ್ಟಿಗಳು ಬರುತ್ತವೆ. ಬೇರೆ ಲಾ ಸ್ಕೂಲ್ ಸಿಕ್ಕಿದರೆ ‘ಫ್ರೀಜ್’ ಅಂದರೆ ಇದೇ ಸಾಕು, ‘ಫ್ಲೋಟ್’ ಅಂದರೆ ಇದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುತ್ತೇನೆ, ‘ಎಕ್ಸಿಟ್’ ಅಂದರೆ ಹೊರಗೆ. ಕ್ಲಾಟ್ ಪೂರ್ತಿ ಕೈತಪ್ಪಿದರೂ, ಯಾವುದಾದರೂ ಡಿಗ್ರಿ ಮುಗಿಸಿ ಅದೇ ಲಾ ಸ್ಕೂಲಿನ ಮೂರು ವರ್ಷದ ಎಲ್‌ಎಲ್‌ಬಿಗೆ ಹೋಗಬಹುದು. 2022ರಲ್ಲಿ ಆ ಕೋರ್ಸ್ ಶುರುವಾಗಿದೆ, ಅದಕ್ಕೆ ಪ್ರವೇಶ ಪರೀಕ್ಷೆಯೇ ಬೇರೆ.

ಆ ನಾಲ್ಕು ಚಾಯ್ಸ್

ಸಿಇಟಿ ಸೀಟು ಹಂಚುವ ಕೆಇಎಯಲ್ಲಿ ಮೊದಲು ಅಣಕು ಹಂಚಿಕೆ ಬರುತ್ತದೆ. ಅದು ಸೀಟು ಅಲ್ಲ, ನಮ್ಮ ಆಯ್ಕೆಪಟ್ಟಿ ಹೇಗಿದೆ ಅಂತ ತೋರಿಸುವ ಕನ್ನಡಿ. ಅದನ್ನು ನೋಡಿ ಪಟ್ಟಿಯ ಕ್ರಮ ಬದಲಿಸಬಹುದು. ಮೊದಲ ಸುತ್ತಿನಲ್ಲಿ ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಕೇಳುತ್ತಾರೆ.

ಚಾಯ್ಸ್ 1: ಈ ಸೀಟೇ ಸಾಕು, ಸೇರುತ್ತೇನೆ.
ಚಾಯ್ಸ್ 2: ಈ ಸೀಟು ಇರಲಿ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದಕ್ಕೆ ಮುಂದಿನ ಸುತ್ತಿನಲ್ಲೂ ನೋಡುತ್ತೇನೆ.
ಚಾಯ್ಸ್ 3: ಈ ಸೀಟು ಬೇಡ, ಮುಂದಿನ ಸುತ್ತಿಗೆ ಇದ್ದೇನೆ.
ಚಾಯ್ಸ್ 4: ಏನೂ ಬೇಡ, ಹೊರಗೆ ಹೋಗುತ್ತೇನೆ.

ನಮ್ಮ ಕಡೆಯ ಒಬ್ಬ ಹುಡುಗ, ಒಳ್ಳೆಯ ರ‍್ಯಾಂಕಿನವನು, ಮೊದಲ ಸುತ್ತಿನಲ್ಲಿ ದೂರದ ಕಾಲೇಜು ಬಂತು ಅಂತ ಸಿಟ್ಟಾದ. ‘ಇದು ಬೇಡ ಅಂತ ಹಾಕು’ ಅಂತ ಬಾಪ ಹೇಳಿದರು. ಸೈಬರ್ ಸೆಂಟರಿನಲ್ಲಿ ಕೂತು ಒತ್ತಿದ್ದು 4. ಅವನ ಮನಸ್ಸಿನಲ್ಲಿದ್ದದ್ದು 3. ಎರಡನೇ ಸುತ್ತಿನಲ್ಲಿ ಅವನಿಗಿಂತ ಹಿಂದಿನ ರ‍್ಯಾಂಕಿನವರಿಗೆ ಅವನು ಬಯಸಿದ ಕಾಲೇಜು ಸಿಕ್ಕಿತು. ಸಿಟ್ಟಿನ ದಿನ ಯಾವ ಬಟನ್ನನ್ನೂ ಒತ್ತಬೇಡಿ. ಒಂದು ರಾತ್ರಿ ಮಲಗಿ, ಬೆಳಿಗ್ಗೆ ಸೂಚನೆಯನ್ನು ಜೋರಾಗಿ ಓದಿ, ಇಬ್ಬರು ಕೂತು ಒತ್ತಿ. ಆದರೆ ಗಡುವು ಮೀರಬೇಡಿ, ಏನೂ ಒತ್ತದಿದ್ದರೂ ಸೀಟು ಹೋಗುತ್ತದೆ. ಮೆಡಿಕಲ್ ಸೀಟಿನ ಕೊನೆಯ ಸುತ್ತುಗಳಲ್ಲಂತೂ ನಿಯಮ ಬಿಗಿ, ಸಿಕ್ಕಿದ ಸೀಟಿಗೆ ಸೇರದಿದ್ದರೆ ಠೇವಣಿಯೂ ಹೋಗಬಹುದು.

ಕಾಗದಪತ್ರ ಮೊದಲೇ ಇರಲಿ

ಪ್ರವರ್ಗ 2ಬಿ ಪ್ರಮಾಣಪತ್ರ ನಾಡಕಚೇರಿಯಿಂದ ಮಾಡಿಸಿ, ಅದರ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ಸರಿಯಾಗಿ ಹಾಕಬೇಕು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ. 5. ಮಾರ್ಕೋನಹಳ್ಳಿಯಂತಹ ಊರಿನ ಮಕ್ಕಳಿಗೆ ಎರಡೂ ಸಿಗುವ ಸಾಧ್ಯತೆ ಇದೆ. ಇದಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ ಕಚೇರಿಯ ಸಹಿ ಬೇಕು. ಫಲಿತಾಂಶ ಬಂದ ಮೇಲೆ ಓಡಾಡಿದರೆ ಬಹಳ ಕಷ್ಟ. ಆಧಾರ್, ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯಾ ಅಂತ ನೋಡಿ. ಮುಹಮ್ಮದ್, ಮೊಹಮ್ಮದ್, ಮಹಮ್ಮದ್ ಅಂತ ಮೂರು ಕಡೆ ಮೂರು ತರ ಇರುವುದು ನಮ್ಮಲ್ಲಿ ಮಾಮೂಲಿ. ಕೌಂಟರಿನ ಮುಂದೆ ಅದು ತೊಂದರೆ ಕೊಡುತ್ತದೆ.

ಅದೇ ಅರ್ಜಿಯನ್ನು ಮತ್ತೆ ಕಳಿಸಬೇಡಿ

ಬರಹ, ಸಂದರ್ಶನ ಕೇಳುವ ಕಾಲೇಜುಗಳೂ ಈಗ ನಮ್ಮಲ್ಲಿವೆ. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಹರಿಯಾಣದ ಅಶೋಕ ವಿಶ್ವವಿದ್ಯಾಲಯ ಇಂಥವು. ಒಂದು ಕಡೆ ‘ಇಲ್ಲ’ ಬಂದ ಮೇಲೆ ಹೆಸರು ಬದಲಿಸಿ ಅದೇ ಬರಹವನ್ನು ಇನ್ನೊಂದು ಕಡೆಗೆ ಕಳಿಸುವುದು ಸುಲಭ, ಆದರೆ ಪ್ರಯೋಜನ ಕಡಿಮೆ. ಹಳೆಯ ಬರಹವನ್ನು ಮಗುವನ್ನು ಚೆನ್ನಾಗಿ ಬಲ್ಲ ಒಬ್ಬರಿಗೆ ಕೊಟ್ಟು ‘ಇದರಲ್ಲಿ ಇವಳು ಕಾಣ್ತಾಳಾ’ ಅಂತ ಕೇಳಿ. ‘ಸಮಾಜಸೇವೆ ನನ್ನ ಗುರಿ’ ಅಂತ ಎಲ್ಲರೂ ಬರೆಯುತ್ತಾರೆ. ಬಾಪನ ಅಂಗಡಿಯ ಲೆಕ್ಕದ ಪುಸ್ತಕವನ್ನು ಎರಡು ವರ್ಷ ನೋಡಿಕೊಂಡ ಹುಡುಗ ಅದನ್ನು ಬರೆಯುವುದಿಲ್ಲ, ನಾಚಿಕೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ, ಬೀದಿಯಲ್ಲಿ ಉರ್ದು ಮಾತಾಡುವ ಹುಡುಗಿಗೆ ಅದೊಂದು ವಿಷಯ ಅಂತಲೇ ಅನಿಸುವುದಿಲ್ಲ. ಬರೆಯಬೇಕಾದ್ದು ಅದನ್ನೇ.

ಮುಂದಿನ ಪಟ್ಟಿಯನ್ನು ಮೂರು ಭಾಗ ಮಾಡಿ: ಕೈಗೆಟುಕುವುದು ಕಷ್ಟವಾದ ಎರಡೋ ಮೂರೋ, ಪ್ರಯತ್ನಿಸಿದರೆ ಸಿಗಬಹುದಾದ ನಾಲ್ಕು, ಖಂಡಿತ ಸಿಗುವ ಎರಡು. ಖಂಡಿತ ಸಿಗುವ ಎರಡು ಕೂಡ ಮಗು ಸಂತೋಷದಿಂದ ಹೋಗುವಂಥದ್ದಾಗಿರಬೇಕು. ಕೇವಲ ಹೆಸರಿಗೆ ಹಾಕಿದ್ದರೆ ಕೊನೆಗೆ ಅಲ್ಲಿ ಹೋಗಿ ಅಳುತ್ತಾ ಕೂರಬೇಕಾಗುತ್ತದೆ.

ದೊಡ್ಡ ಕಾಲೇಜು ಅಂದರೆ ಇಂಜಿನಿಯರಿಂಗ್, ಮೆಡಿಕಲ್ ಮಾತ್ರ ಅಂತ ಅಂದುಕೊಳ್ಳುವುದನ್ನೂ ಬಿಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ. ಅದೇ ನಗರದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಗಣಿತದ ಪದವಿ ಇದೆ, ಪ್ರವೇಶ ಪರೀಕ್ಷೆಯೂ ಅವರದೇ. ಸಿಯುಇಟಿ ಒಂದನ್ನು ಬರೆದರೆ ದೆಹಲಿಯ ಕಾಲೇಜುಗಳಿಂದ ಕಲಬುರಗಿ ಮತ್ತು ಕಾಸರಗೋಡಿನ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಗಳವರೆಗೆ ಅರ್ಜಿ ಹಾಕಬಹುದು.

ದುಡ್ಡಿನ ಮಾತು

‘ಇಲ್ಲ’ ಬಂದ ವಾರದಲ್ಲೇ ದಲ್ಲಾಳಿಗಳ ಫೋನ್ ಬರುತ್ತದೆ. ‘ಎರಡೇ ಸೀಟು ಉಳಿದಿದೆ, ಇವತ್ತೇ ಅಡ್ವಾನ್ಸ್ ಕೊಡಿ.’ ಉಮ್ಮನ ಬಂಗಾರ ಆ ವಾರದಲ್ಲೇ ಹೋಗುತ್ತದೆ. ರಸೀದಿ ಇಲ್ಲದೆ, ಕಾಲೇಜಿನ ಖಾತೆಗೆ ಅಲ್ಲದೆ, ಒಂದು ರೂಪಾಯಿಯನ್ನೂ ಕೊಡಬೇಡಿ.

ಖಂಡಿತ ಸಿಗುವ ಕಡೆ ಶುಲ್ಕ ಕಟ್ಟಿ, ಮೇಲಿನದು ಬಂದಾಗ ಬಿಡಬೇಕಾದರೆ ದುಡ್ಡು ಹೋಯಿತು ಅಂತ ಹೆದರಬೇಡಿ. ಯುಜಿಸಿ 2018ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರವೇಶದ ಕೊನೆ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ ವಾಪಸ್ (ಒಂದು ಸಣ್ಣ ಮೊತ್ತ ಹಿಡಿದುಕೊಳ್ಳಬಹುದು), 15 ದಿನದ ಒಳಗೆ ಬಿಟ್ಟರೆ ಶೇ. 90, ಕೊನೆ ದಿನದ ನಂತರದ 15 ದಿನದಲ್ಲಿ ಶೇ. 80, 30 ದಿನದವರೆಗೆ ಶೇ. 50. ಆಮೇಲೆ ಇಲ್ಲ. ಮೂಲ ಪ್ರಮಾಣಪತ್ರಗಳನ್ನು ಕಾಲೇಜಿನವರು ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತಲೂ ಅದರಲ್ಲಿದೆ.

ಬಡ್ಡಿ ಸಾಲ ಬೇಡ ಅನ್ನುವ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಕಾಲೇಜಿನ ಹೆಸರಿನ ಜೊತೆಗೆ ಅಲ್ಲಿನ ವಿನಾಯಿತಿಯನ್ನೂ ನೋಡಿ ಪಟ್ಟಿ ಮಾಡಬೇಕು. ಐಐಟಿ, ಎನ್‌ಐಟಿಗಳಲ್ಲಿ ಮನೆಯ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, 1ರಿಂದ 5 ಲಕ್ಷದವರೆಗೆ ಇದ್ದರೆ ಮೂರರಲ್ಲಿ ಎರಡು ಭಾಗ ಮಾಫಿ. ಅಜೀಂ ಪ್ರೇಮ್‌ಜಿ, ಅಶೋಕದಂಥ ಕಡೆ ಆದಾಯ ನೋಡಿ ವಿನಾಯಿತಿ ಕೊಡುತ್ತಾರೆ, ಆದರೆ ಅದಕ್ಕೆ ಬೇರೆ ಅರ್ಜಿ, ಬೇರೆ ಕಾಗದ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂತಹ ಕೆಲವೇ ಕಡೆ ವಿದೇಶಿ ಮಕ್ಕಳನ್ನೂ ದುಡ್ಡು ಕೇಳದೆ ಆರಿಸಿ, ಬೇಕಾದಷ್ಟು ನೆರವು ಕೊಡುತ್ತಾರೆ. ಬೇರೆ ಬಹಳ ಕಡೆ ನೆರವು ಕೇಳಿದರೆ ಆಯ್ಕೆಯೇ ಕಷ್ಟವಾಗುತ್ತದೆ. ಸೀಟು ಬಂದ ಮೇಲೆ ದುಡ್ಡಿಲ್ಲ ಅಂತ ಬಿಡುವುದು ‘ಇಲ್ಲ’ಕ್ಕಿಂತ ದೊಡ್ಡ ನೋವು. ಅಲ್ಪಸಂಖ್ಯಾತರಿಗೆ ವಿದೇಶ ವ್ಯಾಸಂಗದ ಸಾಲದ ಬಡ್ಡಿ ತುಂಬುತ್ತಿದ್ದ ಕೇಂದ್ರದ ‘ಪಢೋ ಪರದೇಸ್’ 2022-23ರಿಂದ ನಿಂತಿದೆ, ಹಳೆಯ ಮಾಹಿತಿ ನಂಬಿ ಕೂರಬೇಡಿ. ರಾಜ್ಯದ ಕೆಎಂಡಿಸಿಯ ‘ಅರಿವು’ ಸಾಲದ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ಖುದ್ದಾಗಿ ವಿಚಾರಿಸಿ.

ಹುಡುಗನಿಗೆ ‘ಇನ್ನೊಮ್ಮೆ’, ಹುಡುಗಿಗೆ ‘ಸಾಕು’

ಇದನ್ನು ಹೇಳದೆ ಮುಗಿಸಿದರೆ ಮೇಲೆ ಹೇಳಿದ್ದೆಲ್ಲ ಅರ್ಧ. ಒಂದೇ ಮನೆ, ಒಂದೇ ಪರೀಕ್ಷೆ, ಒಂದೇ ಫಲಿತಾಂಶ. ಮಗನಿಗೆ ‘ಪರವಾಗಿಲ್ಲ, ಮಂಗಳೂರಿಗೆ ಕೋಚಿಂಗ್‌ಗೆ ಹೋಗು’. ಮಗಳಿಗೆ ‘ಬರೆದು ನೋಡಿದ್ದಾಯ್ತಲ್ಲ’. ಅವಳ ಮೊದಲ ‘ಇಲ್ಲ’ವೇ ಕೊನೆಯದಾಗುತ್ತದೆ. ಕಾಲೇಜು ಅವಳಿಗೆ ‘ಈ ಸಲ ಇಲ್ಲ’ ಅಂದಿರುತ್ತದೆ, ‘ಇನ್ನು ಇಲ್ಲ’ ಅನ್ನುವುದು ನಾವು.

ಒಬ್ಬ ತಾಯಿ ಬಂದು ಕೇಳಿದರು. ‘ಉಸ್ತಾದೇ, ಇನ್ನೊಂದು ವರ್ಷ ಇವಳನ್ನ ಮನೇಲಿ ಕೂರಿಸಿ ಓದಿಸೋದಾ? ಜನ ಏನಂತಾರೆ?’

‘ಮೋಳು ಏನಂತಾಳೆ?’ ಅಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವಳನ್ನ ಕೇಳ್ಲಿಲ್ಲ’ ಅಂದರು.

ಆ ಹುಡುಗಿ ವರ್ಷ ಕಳೆಯಲಿಲ್ಲ. ಬಯಸಿದ ಕಾಲೇಜು ಸಿಗಲಿಲ್ಲ, ಮಂಗಳೂರಿನಲ್ಲಿ ಬಿಎಸ್ಸಿಗೆ ಸೇರಿದಳು. ಈಗ ಐಐಟಿ ಜಾಮ್‌ಗೆ ಓದುತ್ತಿದ್ದಾಳೆ. ಬಿಎಸ್ಸಿ ಮಾಡಿದವರಿಗೆ ಐಐಟಿಗಳಲ್ಲಿ ಎಂಎಸ್ಸಿಗೆ ಅದೇ ದಾರಿ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಅವಳು ಓದುತ್ತಿದ್ದಾಳೆ.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕರ್ (1936–2023) ಆ ಊರಿನಲ್ಲಿ ಹೈಸ್ಕೂಲ್ ಮುಗಿಸಿದ ಮೊದಮೊದಲ ಮುಸ್ಲಿಂ ಹುಡುಗಿಯರಲ್ಲಿ ಒಬ್ಬರು. ಮುಂದೆ ಓದುವ ಆಸೆ ಇತ್ತು, ಆಗಲಿಲ್ಲ, ಮದುವೆಯಾಯಿತು. ಒಂದು ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದೇ 1963ರಲ್ಲಿ. ಆಮೇಲೆ ‘ಚಂದ್ರಗಿರಿಯ ತೀರದಲ್ಲಿ’ ಬರೆದು ಕನ್ನಡ ಸಾಹಿತ್ಯದಲ್ಲಿ ಹೆಸರಾದರು. ಅವರಿಗೆ ‘ಇಲ್ಲ’ ಅಂದದ್ದು ಯಾವ ಕಾಲೇಜೂ ಅಲ್ಲ. ಅವರ ಬರಹದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯ ಇರಲಿ, ಅಷ್ಟು ಬುದ್ಧಿಯ ಹುಡುಗಿಗೆ ಕಾಲೇಜಿನ ಬಾಗಿಲು ಕಾಣಲಿಲ್ಲ ಅನ್ನುವುದು ನಮ್ಮ ಲೆಕ್ಕದಲ್ಲೇ ಉಳಿದಿದೆ. ಇವತ್ತಿನ ಮಕ್ಕಳಿಗೆ ಬಾಗಿಲು ಕಾಣುತ್ತಿದೆ. ಒಂದು ಸಲ ತೆರೆಯಲಿಲ್ಲ ಅಂತ ನಾವೇ ಕೈಹಿಡಿದು ಹಿಂದೆ ಕರೆದುಕೊಂಡು ಬರಬೇಕಾ?

ಬೇರೆ ಬಾಗಿಲಿನಿಂದ ಹೋದವರು

ಸತ್ಯ ನಾದೆಲ್ಲಾ ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ನಮ್ಮ ಉಡುಪಿ ಪಕ್ಕದ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿ, 2014ರಲ್ಲಿ ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾದರು. ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ ಐಐಟಿಯೂ ಸಿಗಲಿಲ್ಲ, ವೆಲ್ಲೂರಿನ ಮೆಡಿಕಲ್ ಕಾಲೇಜೂ ಸಿಗಲಿಲ್ಲ. ಬರೋಡಾದಲ್ಲಿ ಭೌತಶಾಸ್ತ್ರ ಓದಿದರು, ಅಮೆರಿಕದಲ್ಲಿ ಪಿಎಚ್‌ಡಿ ಮಾಡಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಕೂತು ಜೀವಶಾಸ್ತ್ರ ಕಲಿತರು. ಕೆಲಸಕ್ಕಾಗಿ ಸುಮಾರು 50 ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿ ಸಿಗದೇ ಹೋದದ್ದೂ ಇದೆ. 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಇಂಥ ಕಥೆಗಳನ್ನು ಮಕ್ಕಳಿಗೆ ಹೇಳುವಾಗ ನೊಬೆಲ್‌ಗೆ ಒತ್ತು ಕೊಡಬೇಡಿ. ಎಲ್ಲರಿಗೂ ನೊಬೆಲ್ ಬರುವುದಿಲ್ಲ. ಸಿಕ್ಕಿದ ಜಾಗದಲ್ಲಿ ಓದುವುದನ್ನು ಅವರು ನಿಲ್ಲಿಸಲಿಲ್ಲ ಅನ್ನುವುದಕ್ಕೆ ಒತ್ತು ಕೊಡಿ.

ಹದಿನೈದು ದಿನದ ಕೆಲಸ

ಮೊದಲ ಎರಡು ದಿನ ಮಗುವನ್ನು ಅದರ ಪಾಡಿಗೆ ಬಿಡಿ. ಸಂಬಂಧಿಕರ ಫೋನಿಗೆ ಉಮ್ಮ, ಬಾಪ ಉತ್ತರಿಸಲಿ. ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಯಾರ ಮಗನಿಗೆ ಎಲ್ಲಿ ಸಿಕ್ಕಿತು ಅನ್ನುವುದನ್ನು ಮಗುವಿನ ಮುಂದೆ ಜೋರಾಗಿ ಓದಬೇಡಿ. ಮೂರನೇ ದಿನ ಒಟ್ಟಿಗೆ ಕೂತು, ಬಂದ ಸಂದೇಶವನ್ನು ಓದಿ. ಒಂದು ಹಾಳೆಯಲ್ಲಿ ಇನ್ನೂ ತೆರೆದಿರುವ ಬಾಗಿಲುಗಳು, ಪ್ರತಿಯೊಂದರ ಕೊನೆ ದಿನ, ಶುಲ್ಕ, ಬೇಕಾದ ಕಾಗದ ಬರೆದು ಗೋಡೆಗೆ ಅಂಟಿಸಿ. ಮೊದಲ ವಾರದೊಳಗೆ ಪ್ರಮಾಣಪತ್ರಗಳು ಸಿದ್ಧವಿರಲಿ. ಎರಡನೇ ವಾರದಲ್ಲಿ ಹೊಸ ಬರಹ, ಶಿಕ್ಷಕರ ಪತ್ರ, ಅರ್ಜಿ. ಕೊನೆ ದಿನದ ರಾತ್ರಿಯವರೆಗೆ ಕಾಯಬೇಡಿ, ಆ ರಾತ್ರಿ ಸರ್ವರ್ ಕೈಕೊಡುತ್ತದೆ.

ಒಂದು ವರ್ಷ ಬಿಟ್ಟು ಮತ್ತೆ ಬರೆಯುವುದಾದರೆ ಅದಕ್ಕೂ ಲೆಕ್ಕ ಬೇಕು. ಜೆಇಇ ಅಡ್ವಾನ್ಸ್ಡ್‌ಗೆ ಸತತ ಎರಡು ವರ್ಷದಲ್ಲಿ ಎರಡೇ ಅವಕಾಶ. ಈ ಸಲ ಎಲ್ಲಿ ಕಡಿಮೆಯಾಯಿತು ಅಂತ ಮಗು ಸ್ಪಷ್ಟವಾಗಿ ಹೇಳಬಲ್ಲದಾದರೆ, ಮತ್ತು ಆ ವರ್ಷ ಬೇಕು ಅಂತ ಅದಕ್ಕೇ ಅನಿಸಿದರೆ ಮಾತ್ರ ಕೂರಿಸಿ. ಬಾಪನ ಹಟಕ್ಕೆ ಕೂತ ವರ್ಷ ಹಾಳು.

‘ನಸೀಬ್’ ಅನ್ನುವ ಮಾತಿಗೆ ಉಸ್ತಾದನಾಗಿ ಒಂದು ಉತ್ತರ. ವಿಧಿಯ ಮೇಲೆ ಭಾರ ಹಾಕುವುದು ಕೈಲಾದದ್ದನ್ನೆಲ್ಲ ಮಾಡಿ ಮುಗಿಸಿದ ಮೇಲೆ. ಅರ್ಜಿಯನ್ನೇ ಹಾಕದೆ, ಎರಡನೇ ಸುತ್ತಿಗೆ ಹೋಗದೆ, ‘ಅವನು ಬರೆದಿಲ್ಲ’ ಅನ್ನುವುದಕ್ಕೆ ತವಕ್ಕುಲ್ ಅನ್ನುವುದಿಲ್ಲ. ಮದ್ರಸದ ಸಣ್ಣ ಮಕ್ಕಳಿಗೂ ಇದನ್ನೇ ಕಲಿಸುತ್ತೇವೆ. ಮನೆಯಲ್ಲಿ ದೊಡ್ಡವರೂ ನೆನಪಿಟ್ಟುಕೊಂಡರೆ ಒಳ್ಳೆಯದು.

ಈ ವಾರ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥ ಒಂದು ಸಂದೇಶ ಬಂದಿದ್ದರೆ, ಮಗುವನ್ನು ಕೂರಿಸಿ ಮೊದಲು ಕೇಳಿ: ‘ನಿನಗೆ ಏನು ಓದ್ಬೇಕು ಅಂತಿದೆ?’ ಉತ್ತರ ಬಂದ ಮೇಲೆ ಹಾಳೆ, ಪೆನ್ನು ತೆಗೆದುಕೊಳ್ಳಿ.